ಟೀವಿಯಲ್ಲಿ ಕಾಣುವ ಏಲಿಯನ್ ಯಾವಾಗಲೂ ಮೂಲೆಯಲ್ಲೇ ಯಾಕೆ ನಿಂತಿರುತ್ತಾನೆ?

ಪ್ರಶ್ನೆ: ಸರ್, ನಮ್ಮ ಭಾವ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದಾರೆ. ಒಬಾಮಾ ಭಾಷಣ ಮಾಡುತ್ತಿರುತ್ತಾರೆ. ಅಲ್ಲೇ ಒಬ್ಬ ಬೋಳುತಲೆಯ ಸೆಕ್ಯುರಿಟಿಯವನು ಇರುತ್ತಾನೆ. ಅವನ ಮುಖವನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಕಣ್ಣು ಮಾಯವಾಗುತ್ತದೆ, ಮೂಗು ಚಪ್ಪಟೆಯಾಗುತ್ತದೆ, ತಲೆಯ ಆಕಾರವೇ ಬದಲಾಗುತ್ತದೆ. ಅವನು ಮನುಷ್ಯನಲ್ಲ, ರೂಪ ಬದಲಿಸುವ ಏಲಿಯನ್ ಅಂತ ವಿವರಣೆ ಬೇರೆ. ವೈಟ್ ಹೌಸ್ ಕೂಡ ಇದನ್ನು ಇಲ್ಲ ಅನ್ನಲಿಲ್ಲವಂತೆ. ನಾನು ‘ಇದು ಗ್ರಾಫಿಕ್ಸ್’ ಅಂದೆ. ‘ಒರಿಜಿನಲ್ ವಿಡಿಯೋದಲ್ಲೂ ಹಾಗೇ ಇದೆ, ಬೇಕಾದರೆ ನೋಡು’ ಅಂದರು. ನಂಬಲು ಮನಸ್ಸಿಲ್ಲ. ಆದರೆ ಕಣ್ಣಾರೆ ಕಂಡಿದ್ದಕ್ಕೆ ಏನಂತ ಉತ್ತರ ಕೊಡಲಿ?
— ಶಿರಸಿಯ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಭಾವನ ಪರವಾಗಿ ಒಂದು ಮಾತು. ಇದು ಗ್ರಾಫಿಕ್ಸ್ ಅಲ್ಲ. ಆ ಮಟ್ಟಿಗೆ ಅವರೇ ಸರಿ. ಯಾರೋ ಕಂಪ್ಯೂಟರ್ ಮುಂದೆ ಕೂತು ಆ ಮುಖವನ್ನು ತಿದ್ದಿದ್ದಾರೆ ಅಂತ ವಾದಕ್ಕೆ ಇಳಿದರೆ ನೀವೇ ಸೋಲುತ್ತೀರಿ. ವಿಡಿಯೋದಲ್ಲಿ ಆ ಮುಖ ಹಾಗೇ ಇದೆ. ಆದರೆ ಸಭಾಂಗಣದಿಂದ ನಿಮ್ಮ ಫೋನಿಗೆ ಬರುವ ದಾರಿ ಬಹಳ ಉದ್ದ. ಏಲಿಯನ್ ಹುಟ್ಟುವುದು ಆ ದಾರಿಯಲ್ಲಿ.

ನಾನು ಇಪ್ಪತ್ತೆಂಟು ವರ್ಷ ಟೀವಿ ಎಡಿಟಿಂಗ್ ರೂಮಿನಲ್ಲಿ ಕೂತವನು. ರಾಜಕಾರಣಿಗಳ ಮುಖವನ್ನು ಒಂದೊಂದೇ ಫ್ರೇಮ್, ಅಂದರೆ ವಿಡಿಯೋದ ಒಂದೊಂದೇ ಬಿಡಿ ಚಿತ್ರ, ನೋಡುವುದು ನನ್ನ ಹೊಟ್ಟೆಪಾಡಾಗಿತ್ತು. ಭಾಷಣದ ನಡುವೆ ನಿಲ್ಲಿಸಿದರೆ ಯಾರೂ ಚೆನ್ನಾಗಿ ಕಾಣುವುದಿಲ್ಲ. ಒಬ್ಬರು ನಿದ್ದೆಗಣ್ಣಿನಲ್ಲಿ ಇದ್ದ ಹಾಗೆ, ಇನ್ನೊಬ್ಬರು ಕುಡಿದ ಹಾಗೆ, ಮತ್ತೊಬ್ಬರಿಗೆ ಹಲ್ಲೇ ಇಲ್ಲದ ಹಾಗೆ. ಮುಖಕ್ಕೆ ಒಪ್ಪುವ ಒಂದು ಫ್ರೇಮ್ ಹುಡುಕುವುದೇ ಅರ್ಧ ಕೆಲಸ. ಹಾಗಾಗಿ ನಿಮ್ಮ ವಿಡಿಯೋ ನೋಡಿ ನನಗೆ ಹೆದರಿಕೆ ಆಗಲಿಲ್ಲ, ಹಳೆ ಕೆಲಸ ನೆನಪಾಯಿತು.

ವಿಡಿಯೋದ ಮೂಲ 2012ರ ಮಾರ್ಚ್ 4ರದ್ದು. ವಾಷಿಂಗ್ಟನ್‌ನಲ್ಲಿ ಏಪ್ಯಾಕ್ ಎಂಬ ಇಸ್ರೇಲ್ ಪರ ಸಂಘಟನೆಯ ಸಮ್ಮೇಳನ ನಡೆದಿತ್ತು. ಒಬಾಮಾ ಅಲ್ಲಿ ಇಸ್ರೇಲ್ ಬಗ್ಗೆ, ಇರಾನಿನ ಅಣ್ವಸ್ತ್ರದ ಬಗ್ಗೆ ಮಾತಾಡಿದರು. ಭಾಷಣದಲ್ಲಿ ಏನಿತ್ತು ಅಂತ ಈಗ ಯಾರಿಗೂ ನೆನಪಿಲ್ಲ. ಅಲ್ಲಿದ್ದ ಭದ್ರತಾ ಸಿಬ್ಬಂದಿಯ ಬೋಳುತಲೆ ಮಾತ್ರ ಇವತ್ತಿಗೂ ಶಿರಸಿ ತನಕ ಓಡಾಡುತ್ತಿದೆ.

ಈಗ ನಿಮಗೇ ಒಂದು ಪ್ರಶ್ನೆ. ಆ ಸಭೆಯಲ್ಲಿ ಕ್ಯಾಮೆರಾ ಜಾಸ್ತಿ ಹೊತ್ತು ನೋಡಿದ್ದು ಯಾರನ್ನು? ಒಬಾಮಾರನ್ನು. ಬೆಳಕೆಲ್ಲ ಅವರ ಮೇಲೆ. ಅವರ ಮುಖ ಒಂದು ಸಲವೂ ಕರಗಲಿಲ್ಲ. ಕರಗಿದ್ದು ಎಲ್ಲೋ ಪಕ್ಕದಲ್ಲಿ, ಅರೆಬೆಳಕಿನಲ್ಲಿ, ಸಣ್ಣದಾಗಿ ಕಾಣುತ್ತಿದ್ದ, ತಲೆ ಅತ್ತಿತ್ತ ತಿರುಗಿಸುತ್ತಿದ್ದ ಮನುಷ್ಯನದ್ದು. ಇಂಥ ಬೇರೆ ವಿಡಿಯೋಗಳನ್ನೂ ತೆಗೆದು ನೋಡಿ. ಹೆಚ್ಚಿನವುಗಳಲ್ಲಿ ಏಲಿಯನ್ ಇರುವುದು ಮೂಲೆಯಲ್ಲಿ, ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದಲ್ಲಿ. ಅಧಿಕಾರ ಹಿಡಿಯಲು ಬೇರೆ ಗ್ರಹದಿಂದ ಬಂದವರು ಮೂಲೆ ಹಿಡಿದು ಯಾಕೆ ನಿಲ್ಲಬೇಕು? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಸುಲಭ.

ಎಚ್‌ಡಿ ಕ್ಯಾಮೆರಾದಿಂದ ಓಬಿ ವ್ಯಾನಿಗೆ, ಅಂದರೆ ಹೊರಗೆ ನಿಂತ ನೇರಪ್ರಸಾರದ ವಾಹನಕ್ಕೆ, ಕೇಬಲ್ಲಿನಲ್ಲಿ ಬರುವ ಚಿತ್ರ ಸೆಕೆಂಡಿಗೆ 1.485 ಗಿಗಾಬಿಟ್ (1,485 ಮೆಗಾಬಿಟ್) ಇರುತ್ತದೆ. ಬಿಟ್ ಅಂದರೆ ಮಾಹಿತಿಯ ಅತಿ ಸಣ್ಣ ತುಣುಕು. ಇದು ಇಂಡಸ್ಟ್ರಿಯಲ್ಲಿ ಎಲ್ಲರೂ ಬಳಸುವ ಅಳತೆ. ಅಷ್ಟನ್ನೂ ಮನೆಮನೆಗೆ ಕಳಿಸುವುದು ಆಗದ ಮಾತು. ಇಂಟರ್‌ನೆಟ್ಟಿನಲ್ಲಿ ನೀವು ನೋಡುವ ಒಳ್ಳೆಯ ವಿಡಿಯೋ ಸೆಕೆಂಡಿಗೆ 5 ಮೆಗಾಬಿಟ್ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿ. ಸುಮಾರು 300 ಪಾಲಿನಲ್ಲಿ ಒಂದು ಪಾಲು ಉಳಿಯಿತು. ಮಿಕ್ಕ 299 ಪಾಲನ್ನು ಎಸೆದಾಯಿತು. ಆದರೂ ಚಿತ್ರ ಚೆನ್ನಾಗಿ ಕಾಣುತ್ತದಲ್ಲ, ಹೇಗೆ?

ಹಳೆಯ ಶಾನುಭೋಗರ ಲೆಕ್ಕದ ಪುಸ್ತಕ ನೋಡಿದ್ದೀರಾ? ಮೊದಲ ಸಾಲಿನಲ್ಲಿ ಊರು, ಹೋಬಳಿ, ಹೆಸರು ಎಲ್ಲ ಪೂರ್ತಿ ಬರೆಯುತ್ತಿದ್ದರು. ಕೆಳಗಿನ ಸಾಲುಗಳಲ್ಲಿ ‘ಸದರಿ’, ‘ಸದರಿ’ ಅಂತ ಎಳೆದುಬಿಡುತ್ತಿದ್ದರು. ವಿಡಿಯೋ ಕುಗ್ಗಿಸುವ ಸಾಫ್ಟ್‌ವೇರ್ ಮಾಡುವುದೂ ಇದನ್ನೇ. ಒಂದು ಫ್ರೇಮನ್ನು ಪೂರ್ತಿ ಬರೆಯುತ್ತದೆ. ಅದಕ್ಕೆ ಕೀ ಫ್ರೇಮ್ ಅನ್ನುತ್ತಾರೆ. ಆಮೇಲಿನ ಫ್ರೇಮುಗಳಲ್ಲಿ ಚಿತ್ರವನ್ನು ಚೌಕ ಚೌಕವಾಗಿ ಹೋಳು ಮಾಡುತ್ತದೆ. ಸಾಮಾನ್ಯವಾಗಿ ಅಡ್ಡ 16 ಚುಕ್ಕಿ, ಉದ್ದ 16 ಚುಕ್ಕಿಯ ಚೌಕ. ಪ್ರತಿ ಚೌಕಕ್ಕೂ ‘ಸದರಿ’ ಅಂತಲೋ, ‘ಸದರಿ, ಆದರೆ ಮೂರು ಚುಕ್ಕಿ ಎಡಕ್ಕೆ ಸರಿದಿದೆ’ ಅಂತಲೋ ಬರೆದು ಮುಗಿಸುತ್ತದೆ. ನಿಜಕ್ಕೂ ಏನಾದರೂ ಬದಲಾದ ಕಡೆ ಮಾತ್ರ ಸ್ವಲ್ಪ ಹೊಸ ವಿವರ ಸೇರಿಸುತ್ತದೆ.

ಸಮಸ್ಯೆ ಬರುವುದು ಬಜೆಟ್ಟಿನಲ್ಲಿ. ಸಾಫ್ಟ್‌ವೇರಿಗೆ ಸೆಕೆಂಡಿಗೆ ಇಷ್ಟೇ ಬಿಟ್ ಅಂತ ಕೊಟ್ಟಿರುತ್ತಾರೆ. ಕ್ಯಾಮೆರಾ ಜನರ ಕಡೆ ತಿರುಗಿತು ಅನ್ನಿ. ನೂರಾರು ತಲೆ, ಎಲ್ಲವೂ ಒಟ್ಟಿಗೆ ಸರಿಯುತ್ತಿವೆ. ಎಲ್ಲ ಚೌಕಕ್ಕೂ ಬಿಟ್ ಬೇಕು. ಇರುವುದರಲ್ಲಿ ಹಂಚಬೇಕು. ಮದುವೆ ಮನೆಯಲ್ಲಿ ಕೊನೆ ಪಂಕ್ತಿಗೆ ಪಾಯಸ ನೀರಾದ ಹಾಗೆ, ಕತ್ತಲಿನಲ್ಲಿರುವ, ಸಣ್ಣಗಿರುವ, ಗೆರೆ ಸ್ಪಷ್ಟವಿಲ್ಲದ ಜಾಗಕ್ಕೆ ಸಿಗುವುದು ತೀರಾ ಕಡಿಮೆ. ಕಪ್ಪು ಕಪ್ಪಾದ ಕಡೆ ನಮ್ಮ ಕಣ್ಣು ವಿವರ ಹುಡುಕುವುದಿಲ್ಲ ಅನ್ನುವ ಲೆಕ್ಕಾಚಾರವೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಮೂಲೆಯ ಮನುಷ್ಯನ ಕಣ್ಣು, ಮೂಗು, ತುಟಿ ಅಂತ ಬೇರೆ ಬೇರೆ ಬರೆಯುವ ಬದಲು ‘ಇಲ್ಲಿ ಚರ್ಮದ ಬಣ್ಣದ ಏನೋ ಒಂದಿದೆ’ ಅಂತ ಬರೆದು ಕೈ ತೊಳೆದುಕೊಳ್ಳುತ್ತದೆ.

ಅವನು ತಲೆ ತಿರುಗಿಸಿದಾಗ ನೋಡಿ ಮಜಾ. ಮುಖದ ಒಂದು ಚೌಕ ಸರಿಯಿತು, ಪಕ್ಕದ ಚೌಕ ‘ಸದರಿ’ ಆಗಿ ಹಳೇ ಜಾಗದಲ್ಲೇ ಉಳಿಯಿತು. ಹಣೆ ಒಂದು ಕಡೆ, ಗಲ್ಲ ಇನ್ನೊಂದು ಕಡೆ. ಬುರುಡೆ ಉಬ್ಬಿದ ಹಾಗೆ, ಮೂಗು ಇಲ್ಲದ ಹಾಗೆ ಆಯಿತು. ಸ್ವಲ್ಪ ಹೊತ್ತಿಗೆ ಮುಂದಿನ ಕೀ ಫ್ರೇಮ್ ಬರುತ್ತದೆ. ಎಲ್ಲವೂ ಸರಿಯಾದ ಜಾಗಕ್ಕೆ ಟಕ್ಕನೆ ಕೂತುಕೊಳ್ಳುತ್ತದೆ. ನಿಮ್ಮ ಭಾವ ‘ನೋಡು, ಮತ್ತೆ ಮನುಷ್ಯನಾದ’ ಅನ್ನುವುದು ಆ ಗಳಿಗೆಯನ್ನು. ಎಷ್ಟೋ ಕಡೆ ಕೀ ಫ್ರೇಮುಗಳು ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಬರುವುದರಿಂದ ಈ ಏಲಿಯನ್‌ಗಳು ಗಡಿಯಾರ ನೋಡಿಕೊಂಡು ರೂಪ ಬದಲಿಸುವ ಹಾಗೆ ಕಾಣುತ್ತದೆ.

ಶಿರಸಿಯವರಿಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಆಷಾಢದ ಮಳೆ ಹೊಡೆಯುವಾಗ ಡಿಶ್ ಟೀವಿಯ ಚಿತ್ರ ಒಡೆಯುವುದನ್ನು ನೋಡಿದ್ದೀರಲ್ಲ. ಧಾರಾವಾಹಿಯ ಸೊಸೆಯ ಅರ್ಧ ಮುಖ ಅತ್ತೆಯ ಸೆರಗಿಗೆ ಅಂಟಿಕೊಂಡಿರುತ್ತದೆ. ಆಗ ಯಾರೂ ಏಲಿಯನ್ ಅನ್ನುವುದಿಲ್ಲ, ‘ಸಿಗ್ನಲ್ ಹೋಯ್ತು’ ಅನ್ನುತ್ತಾರೆ. ಅಲ್ಲಿ ಬಿಟ್‌ಗಳು ಮಳೆಯಲ್ಲಿ ಕಳೆದುಹೋದವು, ಇಲ್ಲಿ ಮೊದಲೇ ಕಡಿಮೆ ಕೊಟ್ಟರು. ಇಷ್ಟೇ ವ್ಯತ್ಯಾಸ.

ಆ ಸೆಕ್ಯುರಿಟಿಯವನ ದುರದೃಷ್ಟಕ್ಕೆ ಇನ್ನೂ ಒಂದೆರಡು ಕಾರಣ ಕೂಡಿಕೊಂಡವು. ಸಭಾಂಗಣದ ದೀಪ ನೆತ್ತಿಯ ಮೇಲಿರುತ್ತದೆ. ಬೋಳುತಲೆ ಹೊಳೆಯುತ್ತದೆ. ಹುಬ್ಬಿನ ನೆರಳು ಕಣ್ಣಿನ ಗುಳಿಯನ್ನು ಪೂರ್ತಿ ಮುಚ್ಚುತ್ತದೆ. ಕೂದಲು ಇದ್ದಿದ್ದರೆ ತಲೆಗೆ ಒಂದು ಗೆರೆ ಸಿಗುತ್ತಿತ್ತು. ಇಲ್ಲಿ ಹಣೆಯಿಂದ ನೆತ್ತಿಯ ತನಕ ಒಂದೇ ಬಣ್ಣ. ದೊಡ್ಡ ತಲೆ, ಕಪ್ಪು ಗುಳಿಯಂಥ ಕಣ್ಣು, ಸಣ್ಣ ಬಾಯಿ. ನಮಗೆಲ್ಲ ಸಿನಿಮಾಗಳು ಕಲಿಸಿಕೊಟ್ಟ ಏಲಿಯನ್ ಚಿತ್ರ ಇದೇ ಅಲ್ವಾ? ಕೂದಲು ಉದುರಿದ ನಾನೂ ಮೂಲೆಯಲ್ಲಿ ನಿಂತರೆ ಹಾಗೇ ಕಾಣುತ್ತೇನೆ.

ಇನ್ನು ಕಣ್ಣಿನ ವಿಷಯ. ಇದು ಸ್ವಲ್ಪ ಬೇರೆ. ಮೂಲೆಯಲ್ಲಿಲ್ಲದ, ಕ್ಯಾಮೆರಾ ಎದುರಿಗೇ ಕೂತ ಮಂತ್ರಿ, ವಾರ್ತೆ ಓದುವವರ ಮೇಲೂ ಈ ಆರೋಪ ಬರುತ್ತದೆ. ಹಾವಿನಂಥ ಸೀಳುಗಣ್ಣು, ಪಕ್ಕದಿಂದ ಮುಚ್ಚುವ ಮೂರನೇ ರೆಪ್ಪೆ ಅಂತೆಲ್ಲ ತೋರಿಸುತ್ತಾರೆ.

ಹಳೆಯ ಟೀವಿ ಪದ್ಧತಿಯಲ್ಲಿ ಒಂದು ಫ್ರೇಮ್ ಅಂದರೆ ಒಂದೇ ಕ್ಷಣದ ಚಿತ್ರವಲ್ಲ. ಎರಡು ಕ್ಷಣಗಳ ಅರ್ಧರ್ಧ ಚಿತ್ರ. ಒಂದರಲ್ಲಿ 1, 3, 5ನೇ ಗೆರೆಗಳು, ಇನ್ನೊಂದರಲ್ಲಿ 2, 4, 6ನೇ ಗೆರೆಗಳು. ಈ ಅರ್ಧಕ್ಕೆ ಫೀಲ್ಡ್ ಅನ್ನುತ್ತೇವೆ. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮ್, 50 ಫೀಲ್ಡ್. ಅಮೆರಿಕದಲ್ಲಿ 30ಕ್ಕೆ ಒಂಚೂರು ಕಡಿಮೆ ಫ್ರೇಮ್, ಅದರ ಎರಡರಷ್ಟು ಫೀಲ್ಡ್. ಹಳೆ ಟೀವಿಯಲ್ಲಿ ಇದು ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನೇ ಕಂಪ್ಯೂಟರಿಗೆ ಹಾಕಿ ನಿಲ್ಲಿಸಿದರೆ ಎರಡು ಕ್ಷಣಗಳು ಒಂದರೊಳಗೊಂದು ಬಾಚಣಿಗೆಯ ಹಲ್ಲಿನಂತೆ ಸಿಕ್ಕಿಕೊಂಡಿರುತ್ತವೆ.

ಮನುಷ್ಯನ ಒಂದು ರೆಪ್ಪೆಬಡಿತ ಸುಮಾರು 100ರಿಂದ 400 ಮಿಲಿಸೆಕೆಂಡ್. ನಮ್ಮ ಒಂದು ಫ್ರೇಮ್ 40 ಮಿಲಿಸೆಕೆಂಡ್. ಅಂದರೆ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಎರಡು ಮೂರರಿಂದ ಹತ್ತು ಫ್ರೇಮ್ ತನಕ ಅರೆಮುಚ್ಚಿದ ಕಣ್ಣು ಸಿಕ್ಕೇ ಸಿಗುತ್ತದೆ. ಒಂದು ಫೀಲ್ಡಿನಲ್ಲಿ ಕಣ್ಣು ತೆರೆದಿದೆ, ಇನ್ನೊಂದರಲ್ಲಿ ಮುಚ್ಚುತ್ತಿದೆ. ಎರಡನ್ನೂ ಸಾಫ್ಟ್‌ವೇರ್ ಬೆರೆಸಿ ನಯ ಮಾಡಿದರೆ ಕಣ್ಣಿನ ಮೇಲೆ ತೆಳುವಾದ ಪೊರೆ ಬಂದ ಹಾಗೆ ಕಾಣುತ್ತದೆ. ಸ್ಟುಡಿಯೋ ದೀಪದ ಹೊಳಪು ಕಣ್ಣಿನಲ್ಲಿ ಬಿಳಿ ಚುಕ್ಕಿಯಾಗಿ ಬಿದ್ದಿರುತ್ತದಲ್ಲ, ಅದು ಅಕ್ಕಪಕ್ಕದ ಗೆರೆಗೆ ಹಬ್ಬಿ ಪಾಪೆಯನ್ನು ಸೀಳಿದಂತೆ ಕಾಣಿಸುತ್ತದೆ.

ಇದೇ ಫೀಲ್ಡಿನಿಂದ ನಾನೂ ಒಂದು ದೆವ್ವ ಹುಟ್ಟಿಸಿದ್ದೇನೆ. 2000ದ ಆಸುಪಾಸಿನ ಮಾತು. ಒಂದು ಜಿಲ್ಲೆಯಿಂದ ಚುನಾವಣಾ ಸಭೆಯ ಟೇಪ್ ಬಂದಿತ್ತು. ಸಿಸ್ಟಮ್ಮಿಗೆ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಫೀಲ್ಡ್ ಕ್ರಮವನ್ನು ಉಲ್ಟಾ ಮಾಡಿಬಿಟ್ಟೆ. ಆಮೇಲೆ ಬರಬೇಕಾದ ಅರ್ಧ ಮೊದಲು, ಮೊದಲು ಬರಬೇಕಾದ ಅರ್ಧ ಆಮೇಲೆ. ಅಲ್ಲಾಡದೆ ಕೂತ ಮುಖಂಡರು ಚೆನ್ನಾಗಿಯೇ ಕಂಡರು. ವೇದಿಕೆಯ ಹಿಂದೆ ಹಾರ ಹಿಡಿದು ಓಡಾಡುತ್ತಿದ್ದ ಹುಡುಗನೊಬ್ಬ ಮಾತ್ರ ಮುಂದೆ ಹೋಗಿ ಹಿಂದೆ ಬಂದು ಗಡಗಡ ನಡುಗುತ್ತಿದ್ದ. ರಾತ್ರಿ ವಾರ್ತೆ ಮುಗಿದ ಮೇಲೆ ಆಫೀಸಿಗೆ ಫೋನ್ ಬಂತು. ‘ಸಾರ್, ಸ್ಟೇಜ್ ಹಿಂದೆ ಒಂದು ದೆವ್ವ ಓಡಾಡ್ತಿತ್ತಲ್ಲ, ನೀವ್ಯಾರೂ ನೋಡ್ಲಿಲ್ವಾ?’ ಆಗಿನ್ನೂ ನಮ್ಮ ಕಡೆಗೆ ಏಲಿಯನ್ ಬಂದಿರಲಿಲ್ಲ. ದೆವ್ವವೇ ಆ ಕೆಲಸ ನೋಡಿಕೊಳ್ಳುತ್ತಿತ್ತು.

ಮತ್ತೆ ನಿಮ್ಮ ವಿಡಿಯೋಗೆ ಬರೋಣ. ಒಂದು ಸಣ್ಣ ಲೆಕ್ಕ. ಚಿತ್ರ ಬರೆಯುವವರನ್ನು ಕೇಳಿ, ಎದುರಿನಿಂದ ನೋಡಿದ ಮುಖದ ಅಗಲ ಸುಮಾರು ಐದು ಕಣ್ಣುಗಳಷ್ಟು ಅನ್ನುತ್ತಾರೆ. ದೂರ ನಿಂತವನ ಮುಖ ಚಿತ್ರದಲ್ಲಿ 40 ಚುಕ್ಕಿ ಅಗಲ ಇದೆ ಅನ್ನಿ. ಒಂದು ಕಣ್ಣಿಗೆ 8 ಚುಕ್ಕಿ ಸಿಕ್ಕಿತು. ಅದರೊಳಗಿನ ಬಣ್ಣದ ಬಿಲ್ಲೆಗೆ 3. ನಟ್ಟನಡುವಿನ ಪಾಪೆಗೆ ಒಂದೇ ಒಂದು. ಒಂದು ಚುಕ್ಕಿ ದುಂಡಗಿದೆಯೋ ಸೀಳಿದಂತಿದೆಯೋ ಅಂತ ಯಾರು ತಾನೇ ಹೇಳಲು ಸಾಧ್ಯ? ಬಣ್ಣದ ಕಥೆ ಇನ್ನೂ ಕಷ್ಟ. ಸಾಮಾನ್ಯ ವಿಡಿಯೋಗಳಲ್ಲಿ ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಬಣ್ಣ ಬರೆದಿರುತ್ತಾರೆ. ಕಣ್ಣಿನ ಬಿಳಿಗೆ ಚರ್ಮದ ಬಣ್ಣ ಹತ್ತಿಕೊಳ್ಳುತ್ತದೆ. ಕಣ್ಣು ‘ಮಾಯ’ವಾಯಿತು.

ಬೆರಳಿನಿಂದ ಹಿಗ್ಗಿಸಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ನಡುವಿನ ಜಾಗವನ್ನು ಫೋನ್ ಅಂದಾಜಿನಲ್ಲಿ ತುಂಬುತ್ತದೆ. ಈಗೀಗ ‘ಎಐ ಹಾಕಿ ಕ್ಲಿಯರ್ ಮಾಡಿದ್ದೇವೆ’ ಅಂತ ಬೇರೆ ಬರುತ್ತಿವೆ. ಅವುಗಳಿಂದ ದೂರ ಇರಿ. 2020ರ ಜೂನ್‌ನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ಪಲ್ಸ್ ಎಂಬ ಪ್ರೋಗ್ರಾಮಿಗೆ ಯಾರೋ ಒಬಾಮಾರದ್ದೇ ಮಸುಕಾದ ಸಣ್ಣ ಫೋಟೋ ಕೊಟ್ಟರು. ಅದು ಅಚ್ಚುಕಟ್ಟಾಗಿ ಒಬ್ಬ ಬಿಳಿಯ ಗಂಡಸಿನ ಮುಖ ಬರೆದುಕೊಟ್ಟಿತು. ಪ್ರಪಂಚಕ್ಕೆಲ್ಲ ಗೊತ್ತಿರುವ ಮುಖದ ಗತಿಯೇ ಹೀಗಾದರೆ, ಹೆಸರಿಲ್ಲದ ಸೆಕ್ಯುರಿಟಿಯವನನ್ನು ಕೇಳುವವರು ಯಾರು?

ಹಾವಿನ ಕಣ್ಣು ಅನ್ನುವವರ ಜೊತೆ ನನಗೆ ಇನ್ನೊಂದು ತಕರಾರಿದೆ. ಅವರು ಹಾವನ್ನು ಸರಿಯಾಗಿ ನೋಡಿಲ್ಲ. ಹಾವಿಗೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಪೊರೆ ಕಾಯಂ ಆಗಿ ಅಂಟಿಕೊಂಡಿರುತ್ತದೆ. ಹಾವು ಕಣ್ಣು ಮಿಟುಕಿಸುವುದೇ ಇಲ್ಲ. ಇನ್ನು ಸೀಳು ಪಾಪೆ. ನಮ್ಮ ನಾಗರಹಾವಿಗೆ ಪಾಪೆ ದುಂಡಗೇ ಇರುತ್ತದೆ, ನಿಮ್ಮ ನನ್ನ ಹಾಗೆ. ಸೀಳು ಇರುವುದು ಕೊಳಕುಮಂಡಲದಂಥವಕ್ಕೆ. ಹಾಗಾಗಿ ‘ನೋಡಿ, ಹಾವಿನ ಹಾಗೆ ಕಣ್ಣು ಮಿಟುಕಿಸಿದ’ ಅನ್ನುವುದು ಮೀನಿನ ಹಾಗೆ ನಡೆದ ಅಂದ ಹಾಗೆ.

ವೈಟ್ ಹೌಸ್ ಇಲ್ಲ ಅನ್ನಲಿಲ್ಲ ಅನ್ನುವ ಮಾತು. ಇದು ಅರ್ಧ ನಿಜ, ಅದಕ್ಕೇ ಜಾಸ್ತಿ ಓಡುತ್ತದೆ. 2013ರ ಮಾರ್ಚ್‌ನಲ್ಲಿ ವೈರ್ಡ್ ಪತ್ರಿಕೆಯವರು ಈ ವಿಡಿಯೋ ಬಗ್ಗೆ ತಮಾಷೆಗೆ ಕೇಳಿದರು. ಅಮೆರಿಕದಲ್ಲಿ ಆಗ ತಾನೇ, ಮಾರ್ಚ್ 1ರಿಂದ, ಸರ್ಕಾರದ ಖರ್ಚನ್ನು ಕಡ್ಡಾಯವಾಗಿ ಕತ್ತರಿಸುವ ಕಾನೂನು ಜಾರಿಗೆ ಬಂದಿತ್ತು. ಎಲ್ಲ ಇಲಾಖೆಗಳಿಗೂ ಕತ್ತರಿ. ವೈಟ್ ಹೌಸಿನ ರಾಷ್ಟ್ರೀಯ ಭದ್ರತಾ ಮಂಡಳಿಯ ವಕ್ತಾರೆ ಅದನ್ನೇ ಹಿಡಿದು ಚಟಾಕಿ ಹಾರಿಸಿದರು. ವಿಡಿಯೋದಲ್ಲಿ ಹೇಳಿದ್ದನ್ನು ಖಚಿತಪಡಿಸಲಾರೆ, ಆದರೆ ಏಲಿಯನ್‌ಗಳನ್ನೋ ರೋಬೋಗಳನ್ನೋ ಇಟ್ಟು ಅಧ್ಯಕ್ಷರನ್ನು ಕಾಯುವ ಯೋಜನೆ ಏನಾದರೂ ಇದ್ದರೆ ಈ ಖರ್ಚು ಕಡಿತದಲ್ಲಿ ಅದೂ ಹೋದೀತು, ಹೆಚ್ಚಿನ ವಿವರ ಬೇಕಾದರೆ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ಸನ್ನೋ, ಏಲಿಯನ್ ಕಥೆಗಳಿಗೆ ಹೆಸರಾದ ಏರಿಯಾ 51 ಎಂಬ ಸೇನಾ ನೆಲೆಯನ್ನೋ ಕೇಳಿ ಎಂಬರ್ಥದ ಮಾತು. ನಮ್ಮಲ್ಲಿ ‘ಹೌದಪ್ಪಾ, ಹಿತ್ತಲಲ್ಲಿ ದೆವ್ವ ಇದೆ, ಬಾಡಿಗೆ ಕೊಡ್ತಿಲ್ಲ ಅಂತ ಈ ತಿಂಗಳು ಬಿಡಿಸ್ತಾ ಇದೀವಿ’ ಅಂತಾರಲ್ಲ, ಆ ಧಾಟಿ. ದನಿ ಕೇಳಿದವರಿಗೆ ನಗು ಬರುತ್ತದೆ. ಹತ್ತು ಫಾರ್ವರ್ಡ್ ಆದ ಮೇಲೆ ದನಿ ಉದುರಿಹೋಗಿ ‘ಖಚಿತಪಡಿಸಲಾರೆ’ ಅನ್ನುವುದಷ್ಟೇ ಉಳಿಯುತ್ತದೆ. ಮಾತೂ ವಿಡಿಯೋ ಥರವೇ ಸವೆಯುತ್ತದೆ.

ಇಲ್ಲ ಅಂತ ಗಟ್ಟಿಯಾಗಿ ಹೇಳಿದವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ ನಮ್ಮ ಆರ್‌ಟಿಐ ಥರದ ಒಂದು ಕಾನೂನಿದೆ. ಆಗ ಪ್ರಧಾನಿಯಾಗಿದ್ದ ಜಾನ್ ಕೀ ಹಲ್ಲಿಜಾತಿಯ ಏಲಿಯನ್ ಅಲ್ಲ ಅನ್ನುವುದಕ್ಕೆ ದಾಖಲೆ ಕೊಡಿ ಅಂತ ಒಬ್ಬರು ಅರ್ಜಿ ಹಾಕಿದರು. 2014ರಲ್ಲಿ ಕೀ ಸುದ್ದಿಗಾರರಿಗೆ ಹೇಳಿದ್ದು ಹೀಗೆ: ಡಾಕ್ಟರನ್ನೂ ನೋಡಿದೆ, ಪಶುವೈದ್ಯರನ್ನೂ ನೋಡಿದೆ, ನಾನು ಸರೀಸೃಪ ಅಲ್ಲ ಅಂತ ಇಬ್ಬರೂ ಹೇಳಿದ್ದಾರೆ. ಅರ್ಜಿ ಹಾಕಿದವರಿಗೆ ಸಮಾಧಾನ ಆಯಿತು ಅಂತ ನನಗೇನೂ ಅನ್ನಿಸುವುದಿಲ್ಲ. ಪಶುವೈದ್ಯರೂ ಅವರ ಕಡೆಯವರೇ ಇರಬಹುದಲ್ಲ!

ಇಲ್ಲಿಯ ತನಕ ನಗುತ್ತಾ ಬಂದೆ. ಒಂದು ಕಡೆ ಮಾತ್ರ ನಗು ನಿಲ್ಲುತ್ತದೆ. ರೂಪ ಬದಲಿಸುವ ಜೀವಿ ನಮಗೇನು ಹೊಸದಲ್ಲ. ಇಚ್ಛಾಧಾರಿ ಹಾವಿನ ಕಥೆ ಅಜ್ಜಿಯರಿಂದ ಕೇಳಿದ್ದೇವೆ, ಟೀವಿಯಲ್ಲೂ ನೋಡಿದ್ದೇವೆ. ಆದರೆ ದೇಶ ಆಳುವವರೇ ಹಲ್ಲಿಮನುಷ್ಯರು ಅನ್ನುವ ಈ ಕಥೆ ಜನಪ್ರಿಯವಾಗಿದ್ದು ಡೇವಿಡ್ ಐಕ್ ಎಂಬ ಇಂಗ್ಲೆಂಡಿನವರಿಂದ, 1990ರ ದಶಕದ ಕೊನೆಗೆ. ಮೊದಲು ಫುಟ್‌ಬಾಲ್ ಗೋಲ್‌ಕೀಪರ್, ಆಮೇಲೆ ಬಿಬಿಸಿಯಲ್ಲಿ ಕ್ರೀಡಾ ನಿರೂಪಕ. ಯಹೂದಿಗಳು ಗುಟ್ಟಾಗಿ ಜಗತ್ತನ್ನು ಆಳುತ್ತಿದ್ದಾರೆ ಅನ್ನುವ ಹಳೆಯ ದ್ವೇಷದ ಕಥೆಯೊಂದು ಯುರೋಪಿನಲ್ಲಿತ್ತು. ಹಲ್ಲಿಯ ಕಥೆ ಅದೇ ಹಳೆ ಅಂಗಿಗೆ ಹೊಸ ಬಣ್ಣ ಹಚ್ಚಿದ್ದು ಅಂತ ಟೀಕಿಸುವವರು ಬಹಳ. ಐಕ್ ಅದನ್ನು ಒಪ್ಪುವುದಿಲ್ಲ. ನಿಮ್ಮ ವಿಡಿಯೋದ ಸಭೆ ಯಾರದ್ದಾಗಿತ್ತು ಅಂತ ಈಗ ಮತ್ತೆ ನೆನಪಿಸಿಕೊಳ್ಳಿ. ಒಬಾಮಾ ಸಾವಿರ ಕಡೆ ಭಾಷಣ ಮಾಡಿದ್ದಾರೆ. ಏಲಿಯನ್ ಸಿಕ್ಕಿದ್ದು ಇಸ್ರೇಲ್ ಪರ ಸಂಘಟನೆಯ ಸಭೆಯಲ್ಲಿ. ನನಗಂತೂ ಇದು ಆಕಸ್ಮಿಕ ಅನ್ನಿಸುವುದಿಲ್ಲ.

ಈ ಹಲ್ಲಿಮನುಷ್ಯರ ಕಥೆಯನ್ನು ಪೂರ್ತಿ ನಂಬುವವರು ಎಷ್ಟು ಜನ? 2013ರ ಏಪ್ರಿಲ್‌ನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಂಸ್ಥೆ ಅಮೆರಿಕದ ಮತದಾರರನ್ನು ಕೇಳಿತ್ತು. 4 ಶೇಕಡಾ ಜನ ಹೌದು ಅಂದರು. ಅದರಲ್ಲಿ ತಮಾಷೆಗೆ ಹೂಂ ಅಂದವರೂ ಇರಬೇಕು. ಆದರೆ 2020ರ ಕ್ರಿಸ್‌ಮಸ್ ದಿನ ನ್ಯಾಶ್‌ವಿಲ್ ನಗರದಲ್ಲಿ ವಾಹನದೊಳಗೆ ಬಾಂಬಿಟ್ಟು ತನ್ನನ್ನೇ ಸಿಡಿಸಿಕೊಂಡವನು ಇಂಥ ಹಲ್ಲಿಮನುಷ್ಯರ ಬಗ್ಗೆ ಪುಟಗಟ್ಟಲೆ ಬರೆದು ಪರಿಚಯದವರಿಗೆ ಅಂಚೆಯಲ್ಲಿ ಕಳಿಸಿದ್ದ.

ನಿಮ್ಮ ಭಾವ ಅಂಥವರಲ್ಲ ಬಿಡಿ. ಅವರಿಗೆ ಬೇಕಿರುವುದು ಒಂದು ಒಳ್ಳೆಯ ಪರೀಕ್ಷೆ. ಮೊದಲು ಮೂಲಕ್ಕೆ ಹತ್ತಿರದ ಪ್ರತಿ ಹುಡುಕಿ. ಅಮೆರಿಕದ ಸಾರ್ವಜನಿಕ ಸಭೆಗಳನ್ನು ಸಿ-ಸ್ಪಾನ್ ಎಂಬ ಚಾನೆಲ್ ಪೂರ್ತಿ ತೋರಿಸುತ್ತದೆ, ಸಂಗ್ರಹವನ್ನೂ ಇಟ್ಟಿದೆ. ಅದೂ ಕುಗ್ಗಿಸಿದ್ದೇ, ‘ಒರಿಜಿನಲ್’ ಅಂತ ನಿಮ್ಮ ಭಾವ ಹೇಳುವುದೂ ಅಂಥದ್ದನ್ನೇ. ಆದರೆ ಫಾರ್ವರ್ಡ್ ಆಗಿ ಆಗಿ ಸವೆದ ಪ್ರತಿಗಿಂತ ಎಷ್ಟೋ ವಾಸಿ. ಪ್ರತಿ ಸಲ ಮತ್ತೆ ಕುಗ್ಗಿಸಿದಾಗಲೂ ಇನ್ನಷ್ಟು ಹೋಗುತ್ತದೆ, ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೋ ನಿಲ್ಲಿಸಿ, ಕೀಬೋರ್ಡಿನ ಫುಲ್‌ಸ್ಟಾಪ್ ಒತ್ತಿದರೆ ಒಂದು ಫ್ರೇಮ್ ಮುಂದೆ, ಕಾಮಾ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಸೆಕ್ಯುರಿಟಿಯವನನ್ನು ಬಿಟ್ಟು ಅವನ ಪಕ್ಕ ಕೂತವರ ಮುಖ ನೋಡಿ. ಅವರದ್ದೂ ಕರಗುತ್ತಿದೆಯಾ? ಕರಗುತ್ತಿದ್ದರೆ ಒಂದೋ ಇಡೀ ಸಭೆಯೇ ಏಲಿಯನ್, ಇಲ್ಲವೇ ವಿಡಿಯೋದ್ದೇ ಗುಣ.

ಇನ್ನೊಂದು ಕ್ಯಾಮೆರಾ ಇತ್ತಾ ಅಂತಲೂ ಕೇಳಿ. 2021ರ ಮಾರ್ಚ್ 16ರಂದು ಬೈಡನ್ ವೈಟ್ ಹೌಸ್ ಅಂಗಳದಲ್ಲಿ ಪತ್ರಕರ್ತರ ಜೊತೆ ಮಾತಾಡುವಾಗ ಅವರ ಕೈ ಮೈಕಿನೊಳಗೇ ಹಾದುಹೋದ ಹಾಗೆ ಕಂಡಿತು. ಅವರು ಅಲ್ಲಿ ಇರಲೇ ಇಲ್ಲ, ಸ್ಟುಡಿಯೋದಲ್ಲಿ ಹಸಿರು ಪರದೆ ಹಾಕಿ ತೆಗೆದಿದ್ದು ಅಂತ ಗುಲ್ಲೆದ್ದಿತು. ಬೇರೆ ಚಾನೆಲ್ಲಿನ ಕ್ಯಾಮೆರಾ ಬೇರೆ ಕಡೆಯಿಂದ ತೆಗೆದಿತ್ತು. ನೋಡಿದರೆ ಮೈಕು ಕ್ಯಾಮೆರಾಕ್ಕೆ ಹತ್ತಿರ, ಕೈ ದೂರ. ಗುಲ್ಲು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಅದು ಬೇರೆ ಮಾತು.

ಸ್ಪಷ್ಟವಾದ ಚಿತ್ರ ಇದ್ದರೂ ಮೋಸ ಹೋಗಬಹುದು ಅನ್ನುವುದಕ್ಕೆ ಮೆಕ್ಸಿಕೋ ಇದೆ. 2023ರ ಸೆಪ್ಟೆಂಬರ್ 12ರಂದು ಅಲ್ಲಿನ ಸಂಸತ್ತಿನಲ್ಲಿ ಹೈಮೆ ಮೌಸಾನ್ ಎಂಬ ಪತ್ರಕರ್ತ ಪೆಟ್ಟಿಗೆ ತೆರೆದು ಎರಡು ಪುಟ್ಟ ಒಣ ದೇಹಗಳನ್ನು ತೋರಿಸಿದರು. ಪೆರು ದೇಶದಲ್ಲಿ ಸಿಕ್ಕಿದ್ದು, ಮನುಷ್ಯರದ್ದಲ್ಲ ಅಂದರು. ದೀಪ ಸರಿ ಇತ್ತು, ಕ್ಯಾಮೆರಾ ಎದುರಿಗೇ ಇತ್ತು, ಮೂಲೆಯೂ ಅಲ್ಲ. ಕೆಲವು ತಿಂಗಳ ಮೇಲೆ ಪೆರುವಿನ ತಜ್ಞರು ಲಿಮಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಅಂಥದ್ದೇ ಎರಡನ್ನು ಪರೀಕ್ಷಿಸಿದರು. ಪ್ರಾಣಿ ಪಕ್ಷಿಗಳ ಮೂಳೆಯನ್ನು ಅಂಟು ಹಾಕಿ ಜೋಡಿಸಿದ ಗೊಂಬೆಗಳು. ಇಲ್ಲಿ ನನ್ನಂಥ ಎಡಿಟರಿಗೆ ಕೆಲಸವಿಲ್ಲ, ಮೂಳೆ ಗೊತ್ತಿದ್ದವರು ಬೇಕು.

ಕೊನೆಗೆ, ಭಾವನನ್ನೇ ಏಲಿಯನ್ ಮಾಡಿಬಿಡಿ. ರಾತ್ರಿ ಊಟ ಆದ ಮೇಲೆ ಜಗಲಿಯ ಮೂಲೆಯಲ್ಲಿ ಒಂದೇ ಬಲ್ಬಿನ ಕೆಳಗೆ ಅವರನ್ನು ಕೂರಿಸಿ. ನೀವು ಅಂಗಳದ ಆ ತುದಿಗೆ ಹೋಗಿ ಫೋನ್ ಝೂಮ್ ಮಾಡಿ, ಕೈ ಅತ್ತಿತ್ತ ಆಡಿಸುತ್ತಾ ಒಂದು ನಿಮಿಷ ವಿಡಿಯೋ ತೆಗೆಯಿರಿ. ಅವರು ಆಗಾಗ ತಲೆ ತಿರುಗಿಸುತ್ತಾ ಕಣ್ಣು ಮಿಟುಕಿಸುತ್ತಾ ಇರಲಿ. ಯಾವುದಾದರೂ ಉಚಿತ ಆ್ಯಪ್‌ನಲ್ಲಿ ಸೈಜ್ ಚೆನ್ನಾಗಿ ಕುಗ್ಗಿಸಿ, ವಾಟ್ಸಾಪಿನಲ್ಲಿ ಕಳಿಸಿ, ಪರದೆ ಮೇಲೆ ಆಡಿಸಿ ಅದನ್ನೇ ಇನ್ನೊಂದು ಫೋನಿನಿಂದ ಶೂಟ್ ಮಾಡಿ ಮತ್ತೆ ಕಳಿಸಿ. ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ. ಅಕ್ಕನಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಅಂದ ಹಾಗೆ, ಸೀಳು ಪಾಪೆ, ಮೂರನೇ ರೆಪ್ಪೆ ಎರಡೂ ನಿಜವಾಗಿ ಇರುವ ಜೀವಿಯೊಂದು ರಾಜಕೀಯದ ನೇರಪ್ರಸಾರದಲ್ಲಿ ಒಮ್ಮೆ ಕಾಣಿಸಿಕೊಂಡಿದೆ. ನಾವೂ ನೋಡಿದ್ದೇವೆ. 2024ರ ಜೂನ್ 9ರ ಸಂಜೆ, ರಾಷ್ಟ್ರಪತಿ ಭವನದಲ್ಲಿ ಮೋದಿ ಸಂಪುಟದ ಪ್ರಮಾಣವಚನ. ಕುಮಾರಸ್ವಾಮಿ, ಜೋಶಿ, ಸೋಮಣ್ಣ, ಶೋಭಾ ಕರಂದ್ಲಾಜೆ ಇದ್ದಾರೆ ಅಂತ ಇಲ್ಲಿನ ಮನೆಗಳಲ್ಲೂ ಟೀವಿ ಹಾಕಿಕೊಂಡು ಕೂತಿದ್ದರು. ಮಧ್ಯಪ್ರದೇಶದ ದುರ್ಗಾದಾಸ್ ಉಯ್ಕೆ ಸಹಿ ಹಾಕಿ ಏಳುವಾಗ ಹಿಂದೆ, ಮೇಲೆ, ಮೂಲೆಯ ಅರೆಬೆಳಕಿನಲ್ಲಿ ಏನೋ ಒಂದು ಹಾದುಹೋಯಿತು. ದೂರದ ಲೆನ್ಸಿನಲ್ಲಿ ಹಿಂದಿನದ್ದು ಮುಂದಿನದ್ದು ಒಂದೇ ಗೋಡೆಗೆ ಅಂಟಿಸಿದ ಹಾಗೆ ಕಾಣುತ್ತದೆ, ಗಾತ್ರದ ಅಂದಾಜು ಸಿಗುವುದಿಲ್ಲ. ರಾತ್ರೋರಾತ್ರಿ ವಿಡಿಯೋ ದೇಶವೆಲ್ಲ ಸುತ್ತಿತು. ಯಾರೂ ಅದರ ಕಣ್ಣು ನೋಡಲಿಲ್ಲ. ಚಿರತೆ ಅಂದರು. ಮರುದಿನ ದಿಲ್ಲಿ ಪೊಲೀಸರು ಸ್ಪಷ್ಟನೆ ಕೊಟ್ಟರು: ಅದು ಮನೆಗಳಲ್ಲಿ ಸಾಕುವಂಥ ಮಾಮೂಲಿ ಬೆಕ್ಕು.